ಗೊಬ್ಬರದಂಗಡಿಯ ಮೇಲಿನ ಸ್ಟುಡಿಯೊ

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನಮ್ಮ ಯಜಮಾನರು ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧಿ ತರಲು ಒಂದು ಗೊಬ್ಬರದ ಅಂಗಡಿಗೆ ಹೋದರು. ನಾನು ಹೊರಗೆ ಸ್ಕೂಟರಿನ ಪಕ್ಕ ನಿಂತಿದ್ದೆ. ಒಳಗಿಂದ ಆ ವಾಸನೆ ಬಂತು. ಯೂರಿಯಾ, ಗಂಧಕ, ಬೇವಿನ ಹಿಂಡಿ, ಮೂಗಿನೊಳಗೆ ಸಣ್ಣಗೆ ಚುಚ್ಚುವ ಕೀಟನಾಶಕ, ಎಲ್ಲ ಕಲೆತ ವಾಸನೆ. ಬೇರೆಯವರು ಅದಕ್ಕೆ ಸೆರಗು ಅಡ್ಡ ಹಿಡಿಯುತ್ತಾರೆ. ನನಗೆ ಕಿವಿಯ ಮೇಲೆ ಹೆಡ್‌ಫೋನು ಬಿಗಿದು ಕೂತಂತಾಯಿತು. ತಲೆ ಎತ್ತಿ ನೋಡಿದರೆ ಅದೇ ಅಂಗಡಿ. ಬೋರ್ಡು ಹೊಸದು, ಬಾಗಿಲು ಹೊಸದು, ಆದರೆ ಪಕ್ಕದ ಕಿರಿದಾದ ಮೆಟ್ಟಿಲು ಹಾಗೇ ಇದೆ. ಮೇಲಿನ ಮಹಡಿಯಲ್ಲಿ ಈಗ ಹೊಲಿಗೆ ಕಲಿಸುತ್ತಾರೆ. ಒಂದು ಕಾಲಕ್ಕೆ ಅಲ್ಲಿ ರಫೀಕಣ್ಣನ ಸ್ಟುಡಿಯೊ ಇತ್ತು. ಅಲ್ಲಿಗೆ ಒಂದು ವರ್ಷ, ಪ್ರತಿ ಶನಿವಾರ, ನಾನು ಹೋಗುತ್ತಿದ್ದೆ, ಮೊದಲ ತಿಂಗಳುಗಳಲ್ಲಿ ಗೆಳತಿ ಮಂಜುಳಳನ್ನು ಕರೆದುಕೊಂಡು. ಕರೆದುಕೊಂಡು ಹೋದವಳು ನಾನು. ಈ ಮಾತನ್ನು ಆ ವರ್ಷ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಗೊತ್ತಿಲ್ಲ.

ಅದು ಎರಡು ಸಾವಿರದ ಆರನೇ ಇಸವಿ. ನಾನು ಬಿ.ಎ. ಕೊನೆಯ ವರ್ಷ. ನಮ್ಮ ಮನೆ ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಗಳ ಹಿಂದಿನ ಬೀದಿಯಲ್ಲಿತ್ತು. ಬೆಳಗಾದರೆ ಗೂಡು ಬೇಯಿಸುವ ವಾಸನೆ ಬಟ್ಟೆಗೆ, ತಲೆಗೂದಲಿಗೆ ಹತ್ತಿಕೊಳ್ಳುತ್ತಿತ್ತು. ಚಿಕ್ಕಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರು ಮೂಗು ಆ ಕಡೆ ತಿರುಗಿಸಿದರೆ ನನಗೆ ಸಂಕೋಚ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಮಗಳು ಹಾಡಬೇಕು ಎಂಬ ಆಸೆ. ಏಳನೇ ವಯಸ್ಸಿಗೆ ನನ್ನನ್ನು ಸಂಗೀತದ ಟೀಚರ ಮುಂದೆ ಕೂರಿಸಿದ್ದರು. ಜೂನಿಯರ್ ಪರೀಕ್ಷೆ ಆಯಿತು, ಸೀನಿಯರ್ ಆಯಿತು. ಕಾಲೇಜಿನ ಸ್ಪರ್ಧೆಗಳಲ್ಲಿ ಸ್ಟೀಲಿನ ತಟ್ಟೆ, ಲೋಟ, ಡಬ್ಬಿ ಎಲ್ಲ ಗೆದ್ದು ಅಮ್ಮನ ಅಡುಗೆಮನೆಯ ಒಂದು ಸಾಲು ತುಂಬಿಸಿದ್ದೆ. ಇದಲ್ಲದೆ ಎರಡು ನೋಟ್‌ಬುಕ್ಕಿನ ತುಂಬ ನಾನೇ ಬರೆದು ರಾಗ ಹಾಕಿದ ಹಾಡುಗಳಿದ್ದವು. ಅವನ್ನು ರೆಕಾರ್ಡ್ ಮಾಡಬೇಕು, ನನ್ನ ಹೆಸರಿನ ಸಿ.ಡಿ. ಬರಬೇಕು, ಬಸ್ಸಿನಲ್ಲಿ ಯಾರೋ ಅದನ್ನು ಹಾಕಬೇಕು, ನಾನು ಹಿಂದಿನ ಸೀಟಿನಲ್ಲಿ ಏನೂ ತಿಳಿಯದವಳ ಹಾಗೆ ಕೂತಿರಬೇಕು. ಕನಸು ಇಷ್ಟು ಸ್ಪಷ್ಟವಾಗಿತ್ತು.

ರಫೀಕಣ್ಣನ ವಿಷಯ ಹೇಳಿದವರು ಅಪ್ಪನ ಕಚೇರಿಯವರೊಬ್ಬರು. ರಫೀಕಣ್ಣ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಒಂದು ಕಂಪ್ಯೂಟರು, ಎರಡು ಮೈಕು ಕೊಂಡು ಸ್ಟುಡಿಯೊ ಹಾಕಿದ್ದರು. ಸುತ್ತಲ ಊರುಗಳ ದೇವರ ಹಾಡು, ಸೀರೆ ಅಂಗಡಿಯ ಜಾಹೀರಾತು, ಪೋಲಿಯೊ ಲಸಿಕೆಯ ಪ್ರಚಾರದ ಹಾಡು, ಎಲ್ಲ ಅಲ್ಲೇ ಆಗುತ್ತಿತ್ತು. ನನ್ನ ದನಿ ಕೇಳಿ, "ಶನಿವಾರ ಮಧ್ಯಾಹ್ನ ಬಾ. ನಮ್ಮ ಭಕ್ತಿಗೀತೆಗೆ ಕೋರಸ್ ಹಾಡಿಕೊಡು, ನಾನು ರೆಕಾರ್ಡಿಂಗ್ ಕಲಿಸ್ತೀನಿ. ನಿನ್ ಹಾಡೂ ಮಾಡಣ," ಎಂದರು.

ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. "ಒಬ್ಳೇ ಹೋಗೋದು ಬೇಡಮ್ಮ. ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗು."

ಆ ಯಾರಾದರೂ ಎಂದರೆ ಮಂಜುಳ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಊರು ತೊಂಡೇಬಾವಿ. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದಳು. ತೆಳ್ಳಗೆ, ಕಪ್ಪಗೆ, ಎರಡು ಜಡೆ, ನಕ್ಕರೆ ಒಸಡು ಕಾಣುವಷ್ಟು ನಗುತ್ತಿದ್ದಳು. ನನ್ನ ತಲೆಯ ವಾಸನೆಗೆ ಮುಖ ತಿರುಗಿಸದ ಗೆಳತಿ ಅವಳೊಬ್ಬಳೇ. ಅಪ್ಪ ಹಾಸ್ಟೆಲಿನ ವಾರ್ಡನ್ ಮೇಡಂಗೆ ಪತ್ರ ಬರೆದುಕೊಟ್ಟರು: ನನ್ನ ಮಗಳ ಜೊತೆ ಹೋಗಿ ಆರು ಗಂಟೆಯೊಳಗೆ ಬರುತ್ತಾಳೆ ಎಂದು. ನಾನಿದ್ದರೆ ಅವಳಿಗೆ ಗೇಟು ತೆರೆಯುತ್ತಿತ್ತು, ಅವಳಿದ್ದರೆ ನನಗೆ ಸ್ಟುಡಿಯೊ.

ಮೊದಲ ಶನಿವಾರಗಳಲ್ಲಿ ಅವಳು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇತಿಹಾಸದ ನೋಟ್ಸ್ ಓದುತ್ತ ಕೂರುತ್ತಿದ್ದಳು. ನಾನು ಕಲಿಯುತ್ತಿದ್ದೆ. ಹಾಡುವ ಕೋಣೆ ನಮ್ಮ ಮನೆಯ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಅದರ ಮೇಲೆ ಅಲ್ಲಲ್ಲಿ ಹಳೆಯ ರಜಾಯಿ ಹೊದಿಸಿದ್ದರು. ಮೈಕಿನ ಮುಂದೆ, ಕಸೂತಿ ಹಾಕುವ ಬಳೆಗೆ ತೆಳುವಾದ ಕಾಲುಚೀಲ ಬಿಗಿದು ನಿಲ್ಲಿಸಿದ್ದರು. 'ಪ', 'ಬ' ಅಕ್ಷರಗಳ ಗಾಳಿ ಮೈಕಿಗೆ ಬಡಿಯಬಾರದಂತೆ. ಹೊರಗಿನ ಕೋಣೆಯಲ್ಲಿ ಕಂಪ್ಯೂಟರು, ನಡುವೆ ಒಂದು ಗಾಜಿನ ಕಿಟಕಿ. ಒಳಗಿನವರಿಗೆ ಹೊರಗಿನವರ ಮಾತು ಹೆಡ್‌ಫೋನಿನಲ್ಲೇ ಕೇಳಬೇಕು. ಕಿವಿಯಲ್ಲಿ ತಾಳ ಟಿಕ್ ಟಿಕ್ ಎನ್ನುವಾಗ ಅದರೊಡನೆ ಹಾಡುವುದು, ಒಂದೇ ಸಾಲನ್ನು ಹತ್ತು ಸಲ ಹಾಡಿ ಒಳ್ಳೆಯದನ್ನು ಆರಿಸುವುದು, ಪರದೆಯ ಮೇಲೆ ನನ್ನ ದನಿ ಹಸಿರು ಗೆರೆಯಾಗಿ ಉಬ್ಬಿ ಇಳಿಯುವುದನ್ನು ನೋಡುವುದು. ಮೊದಲ ಸಲ ನನ್ನ ಹಾಡು ಸ್ಪೀಕರಿನಲ್ಲಿ ಬಂದಾಗ ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ. ಎಲ್ಲ ಸ್ವರ ಜಾಗದಲ್ಲಿತ್ತು.

"ಶುದ್ಧವಾಗಿದೆ," ಎಂದರು ರಫೀಕಣ್ಣ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಮಳೆಗಾಲ ಹಿಡಿಯಿತು. ಮಹಡಿಗೆ ತಗಡಿನ ಸೂರು. ಮಳೆ ಬಿದ್ದರೆ ರೆಕಾರ್ಡಿಂಗ್ ನಿಲ್ಲಬೇಕು. ಕರೆಂಟು ಹೋದರೂ ನಿಲ್ಲಬೇಕು. ಕೆಳಗೆ ಲಾರಿಯಿಂದ ಗೊಬ್ಬರದ ಮೂಟೆ ಇಳಿಸುತ್ತಿದ್ದರೂ ನಿಲ್ಲಬೇಕು. ಹೀಗಾಗಿ ನಾವು ಹಾಡಿದ್ದಕ್ಕಿಂತ ಕಾದದ್ದೇ ಹೆಚ್ಚು. ಅಂಥ ಒಂದು ಮಧ್ಯಾಹ್ನ ಮಳೆ ಕಡಿಮೆಯಾಗಿ ಸೂರಿನಂಚಿನಿಂದ ಹನಿ ಮಾತ್ರ ಬೀಳುತ್ತಿತ್ತು. ಮಂಜುಳ ಕಿಟಕಿಯ ಹತ್ತಿರ ನಿಂತು ತನ್ನಷ್ಟಕ್ಕೆ ಗುನುಗಿದಳು.

ನಿಲ್ಲೋ ಗಾಡಿ ನಮ್ದಮ್ಮ, ನಿಲ್ದ ಗಾಡಿ ಯಾರ್ದಮ್ಮ
ಸೊಪ್ಪಿನ್ ಪುಟ್ಟಿ ತಲೆಮ್ಯಾಲೆ, ಹೊತ್ತು ಯಾವ್ ಕಡೆಗಮ್ಮ

ರಫೀಕಣ್ಣ ಟೀ ಲೋಟ ಕೆಳಗಿಟ್ಟರು. "ಇದ್ಯಾವ ಹಾಡಮ್ಮ?"

"ಯಾವ್ದೂ ಅಲ್ಲಣ್ಣ. ಸುಮ್ನೆ." ಅವಳು ನಾಲಿಗೆ ಕಚ್ಚಿಕೊಂಡಳು. "ನಮ್ಮಜ್ಜಿ ಬೆಳಿಗ್ಗೆ ಪ್ಯಾಸೆಂಜರ್ ಗಾಡೀಲಿ ಬೆಂಗ್ಳೂರಿಗೆ ಸೊಪ್ಪು ಮಾರಕ್ಕೆ ಹೋಗ್ತಾಳೆ. ಎಕ್ಸ್‌ಪ್ರೆಸ್ ಗಾಡಿಗಳು ನಮ್ಮೂರಲ್ಲಿ ನಿಲ್ಲಲ್ಲ. ಚಿಕ್ಕೋಳಿದ್ದಾಗಿಂದ ಹಿಂಗೇ ಏನಾದ್ರೂ ಕಟ್ಕೊಂಡು ಹೇಳ್ಕೊತೀನಿ."

"ಇನ್ನೊಂದ್ ಸಲ ಹೇಳು."

ಅವಳು ನನ್ನ ಮುಖ ನೋಡಿದಳು. ನಾನು ನಗುತ್ತ, "ಹೇಳೇ, ಪರವಾಗಿಲ್ಲ," ಎಂದೆ. ಅವಳು ಹೇಳಿದಳು. ಹಾಡು ಮೋಹನ ರಾಗದ ದಾರಿಯಲ್ಲಿ ಸಲೀಸಾಗಿ ಹೋಗುತ್ತಿತ್ತು. 'ಯಾರ್ದಮ್ಮ' ಎನ್ನುವಲ್ಲಿ ಮಾತ್ರ ಆ ರಾಗದಲ್ಲಿಲ್ಲದ ಒಂದು ಸ್ವರಕ್ಕೆ ಜಾರಿ, ಅಲ್ಲಿ ಕ್ಷಣ ನಿಂತು, ಮತ್ತೆ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಪ್ಲಾಟ್‌ಫಾರಂ, ಬುಟ್ಟಿ ಹೊತ್ತ ಹೆಂಗಸರು, ದೂಳೆಬ್ಬಿಸಿ ಹೋದ ಗಾಡಿ ಎಲ್ಲ ಕಂಡುಬಿಡುತ್ತಿತ್ತು. ನನ್ನ ಮೈ ಜುಂ ಎಂದಿತು. ಮರುಕ್ಷಣ ತೊಡೆಯ ಮೇಲಿದ್ದ ನನ್ನ ನೋಟ್‌ಬುಕ್ ಮುಚ್ಚಿದೆ.

ಹನ್ನೆರಡು ವರ್ಷದ ಅಭ್ಯಾಸ ನನಗೆ ಕೊಟ್ಟದ್ದು ಆ ಕಿವಿಯನ್ನು. ಅವಳ ಹಾಡು ನನ್ನ ಎರಡು ನೋಟ್‌ಬುಕ್ಕಿಗಿಂತ ದೊಡ್ಡದು ಎಂದು ಅವಳಿಗಿಂತ ಮೊದಲು, ರಫೀಕಣ್ಣನಿಗಿಂತ ಮೊದಲು ತಿಳಿದದ್ದು ನನಗೆ.

ಅಂದಿನಿಂದ ಶನಿವಾರಗಳ ಬಣ್ಣ ಬದಲಾಯಿತು. ರಫೀಕಣ್ಣ ಅವಳನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಅವಳಿಗೆ ತಾಳದ ಟಿಕ್ ಟಿಕ್ ಹೊಂದುತ್ತಿರಲಿಲ್ಲ. ಅವರು ಅದನ್ನೇ ತೆಗೆದುಹಾಕಿ, "ನಿನ್ ಲೆಕ್ಕದಲ್ಲೇ ಹಾಡು ಬೇಟಿ, ನಾನು ಹಿಂದೆ ಬರ್ತೀನಿ," ಎಂದರು. ನಾನು ಆ ಟಿಕ್ ಟಿಕ್ಕಿಗೆ ಒಗ್ಗಿಕೊಳ್ಳಲು ಒಂದು ತಿಂಗಳು ಒದ್ದಾಡಿದ್ದೆ. ನನ್ನ ಹಾಡು ಮುಗಿದರೆ "ಹೂಂ, ಚೆನ್ನಾಗಿದೆ," ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಅವಳದು ಮುಗಿದರೆ ಏನೂ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ಆ ಸುಮ್ಮನೆ ಕೂರುವುದು ನನಗೆ ಬೇಕಾಗಿತ್ತು. ನಾನು ಮನೆಗೆ ಹೋಗಿ ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಮುಗಿಲು, ಒಲವು, ಬೆಳದಿಂಗಳು ಎಂದು ಬರೆದ ನನ್ನ ಹಾಡುಗಳನ್ನು ತೆಗೆದು ನೋಡಿದರೆ ಒಂದರಲ್ಲೂ ನಮ್ಮ ಬೀದಿ ಇರಲಿಲ್ಲ, ಗೂಡಿನ ವಾಸನೆ ಇರಲಿಲ್ಲ, ನಾನೂ ಇರಲಿಲ್ಲ.

ಒಂದು ದಿನ ಕಾಲೇಜಿನ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿಕೊಂಡು ಹೇಳಿದೆ. "ಮಂಜು, ನೀನು 'ಯಾರ್ದಮ್ಮ' ಅನ್ನೋವಾಗ ಸ್ವರ ತಪ್ಪುತ್ತೆ ಕಣೇ. ಆ ರಾಗದಲ್ಲಿ ಆ ಸ್ವರ ಬರಲ್ಲ."

"ಹೌದಾ?" ಅವಳಿಗೆ ಗಾಬರಿಯಾಯಿತು. "ಅಯ್ಯೋ, ಎಲ್ರ ಮುಂದೆ ಹಂಗೇ ಹಾಡ್ಬಿಟ್ನಲ್ಲೇ. ತಿದ್ಕೊಡೇ. ನಿಂಗೆ ಗೊತ್ತಿರುತ್ತೆ."

ನಾನು ತಿದ್ದಿಕೊಟ್ಟೆ. ಎರಡು ವಾರ, ಊಟದ ಬಿಡುವಿನಲ್ಲಿ ಹುಣಸೆ ಮರದ ಕೆಳಗೆ ಕೂರಿಸಿಕೊಂಡು, ನಮ್ಮ ಟೀಚರು ನನಗೆ ಕಲಿಸಿದಷ್ಟೇ ತಾಳ್ಮೆಯಿಂದ ಕಲಿಸಿದೆ. ಜಾರುವಲ್ಲಿ ಜಾರದ ಹಾಗೆ, ನಿಲ್ಲುವಲ್ಲಿ ನಿಲ್ಲದ ಹಾಗೆ. ಹಾಡು ಇಸ್ತ್ರಿ ಮಾಡಿದ ಹಾಗೆ ನೆಟ್ಟಗಾಯಿತು. ಅವಳು ನನಗೆ ಹಾಸ್ಟೆಲಿನಿಂದ ಚಕ್ಕುಲಿ ತಂದುಕೊಟ್ಟಳು, ಗುರುದಕ್ಷಿಣೆ ಎಂದು ನಕ್ಕಳು. ನಾನು ತಿಂದೆ.

ಮುಂದಿನ ಶನಿವಾರ ಅವಳು ಹಾಡಿ ಮುಗಿಸಿದಾಗ ರಫೀಕಣ್ಣ ಒಳಗಿನವರೊಡನೆ ಮಾತಾಡುವ ಗುಂಡಿ ಒತ್ತಿದರು. "ಏನಾಯ್ತಮ್ಮ ಈ ಹಾಡಿಗೆ?"

"ತಪ್ಪಿತ್ತಂತಣ್ಣ. ಸುಜಾತ ಸರಿ ಮಾಡಿದ್ಳು."

ಅವರು ಗುಂಡಿಯಿಂದ ಕೈ ತೆಗೆದು, ಹೆಡ್‌ಫೋನು ಕಳಚಿ, ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ನಿನ್ ಕಿವಿ ಬಹಳ ಒಳ್ಳೇದು ಸುಜಾತ. ನಿಂಗೆ ಗೊತ್ತಾಗಿಲ್ಲ ಅಂತ ನಾನು ನಂಬಲ್ಲ," ಎಂದು ಮೆಲ್ಲಗೆ ಹೇಳಿ ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಮಂಜುಳ ಗಾಜಿನ ಆಚೆ ಇದ್ದಳು. ಅವಳಿಗೆ ಕೇಳಿಸಲಿಲ್ಲ.

ದಸರಾ ರಜೆ ಮುಗಿದ ಮೇಲೆ ಒಂದು ಸುದ್ದಿ ಬಂತು. ಬೆಂಗಳೂರಿನಲ್ಲಿ ಸಿ.ಡಿ. ಹೊರತರುವ ಒಬ್ಬರು ಬೇರೆ ಬೇರೆ ಊರುಗಳ ಹೊಸಬರಿಂದ ಅವರದೇ ಸ್ವಂತ ಹಾಡು ಹಾಡಿಸಿ ಒಂದು ಸಂಗ್ರಹ ಮಾಡುತ್ತಿದ್ದಾರೆ, ಮುಂದಿನ ಶನಿವಾರ ಇಲ್ಲಿಗೇ ಬಂದು ಕೇಳುತ್ತಾರೆ ಎಂದು ರಫೀಕಣ್ಣ ಹೇಳಿದರು. "ನಮ್ ಕಡೆಯಿಂದ ಒಂದೇ ಹಾಡು ತಗೋತಾರೆ. ಇಬ್ರೂ ಹಾಡಿ. ಹನ್ನೆರಡಕ್ಕೆ ಬಂದ್ಬಿಡಿ."

ಒಂದೇ ಹಾಡು. ನನ್ನದು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ತಿದ್ದಿದ ಮೇಲೂ ಅವಳ ಹಾಡಿನಲ್ಲಿ ಜೀವ ಉಳಿದಿತ್ತು. ಇಡೀ ವಾರ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಶನಿವಾರ ಬೆಳಿಗ್ಗೆ ಎದ್ದು ಅಮ್ಮನಿಗೆ, "ಜ್ವರ ಬಂದ ಹಾಗಿದೆ, ಕಾಲೇಜಿಗೆ ಹೋಗಲ್ಲ," ಎಂದೆ. ನಾನು ಹೋಗದಿದ್ದರೆ ವಾರ್ಡನ್ ಮೇಡಂ ಅವಳನ್ನು ಬಿಡುವುದಿಲ್ಲ. ಅಷ್ಟೇ ಸುಲಭ. ಯಾರಿಗೂ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಮಲಗಿದ್ದರೆ ಸಾಕಿತ್ತು.

ಅಮ್ಮ ಹಣೆ ಮುಟ್ಟಿ ನೋಡಿದರು. "ಮೈ ತಣ್ಣಗಿದೆಯಲ್ಲೇ."

"ಒಳಜ್ವರ ಅಮ್ಮ."

ಹಾಸ್ಟೆಲಿಗೆ ಫೋನು ಮಾಡಿ ನನಗೆ ಹುಷಾರಿಲ್ಲ ಎಂದು ಹೇಳಿಸಿದೆ. ಅಮ್ಮ ಮೆಣಸಿನ ಕಷಾಯ ಕಾಸಿಕೊಟ್ಟರು. ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಹಿಂದಿನ ಬೀದಿಯಲ್ಲಿ ನೂಲು ಸುತ್ತುವ ಯಂತ್ರಗಳ ಸದ್ದು. ಗಡಿಯಾರ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಹನ್ನೆರಡಾಗುವ ಹೊತ್ತಿಗೆ ಬಾಗಿಲಲ್ಲಿ ದನಿ ಕೇಳಿತು.

"ಅಮ್ಮಾ, ಸುಜಿ ಹೆಂಗಿದ್ದಾಳೆ?"

ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಎರಡು ಮೂಸಂಬಿ ಹಿಡಿದು ಮಂಜುಳ ನಿಂತಿದ್ದಳು. ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ, ಮುಖವೆಲ್ಲ ಬೆವೆತಿತ್ತು.

ನಾನು ಎದ್ದು ಕೂತೆ. "ನೀನು ಹೆಂಗೆ ಬಂದೆ? ಮೇಡಂ ಬಿಟ್ರಾ?"

"ಗೆಳತಿಗೆ ಜ್ವರ, ನೋಡ್ಕೊಂಡು ಬರ್ತೀನಿ ಅಂತ ಅತ್ತೂ ಕರೆದು ಕೇಳ್ದೆ. ಆರು ಗಂಟೆವರೆಗೂ ಬಿಟ್ರು."

"ಹಂಗಾದ್ರೆ ನೀನು ಸ್ಟುಡಿಯೊಗೆ ಹೋಗ್ಬೋದಿತ್ತಲ್ಲೇ. ಅವ್ರು ಬಂದಿರ್ತಾರೆ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನೀನು ಮಲಗಿರೋವಾಗ ನಾನೊಬ್ಳೇ ಹೋಗಿ ಹಾಡ್ಲಾ? ನಂಗ್ಯಾಕೆ ಅದು? ನನ್ನ ಅಲ್ಲಿಗೆ ಕರ್ಕೊಂಡು ಹೋದೋಳೇ ನೀನು."

ಅವಳು ಅಡುಗೆಮನೆಗೆ ಹೋಗಿ ಅಮ್ಮನಿಗೆ ಅವರೆಕಾಯಿ ಸುಲಿದುಕೊಟ್ಟಳು. ಅಮ್ಮ ಅವಳ ಊರು, ಅಜ್ಜಿ, ಹಾಸ್ಟೆಲಿನ ಊಟ ಎಲ್ಲ ವಿಚಾರಿಸುವುದು ಕೇಳುತ್ತಿತ್ತು. "ಹಾಡ್ತೀಯಂತಲ್ಲಮ್ಮ, ಒಂದು ಹಾಡೇಳು," ಎಂದರು ಅಮ್ಮ. ಅವಳು ಹಾಡಿದಳು. ಮೈಕಿಲ್ಲ, ನಾನೂ ಎದುರಿಗಿಲ್ಲ. ಕಾಳು ಸುಲಿಯುವ ಕೈಯ ಲಯಕ್ಕೆ ಹಾಡುತ್ತಿದ್ದವಳು 'ಯಾರ್ದಮ್ಮ' ಎನ್ನುವಲ್ಲಿ ನಾನು ಕಲಿಸಿದ್ದನ್ನು ಮರೆತು ಮೊದಲಿನ ಹಾಗೇ ಜಾರಿಬಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಮ್ಮಮ್ಮನಿಗೆ ಸಂಗೀತ ಗೊತ್ತಿಲ್ಲ. ನನ್ನ ಹಾಡು ಕೇಳುವಾಗ ಸಾರಿಗೆ ಒಗ್ಗರಣೆ ಹಾಕುವುದನ್ನು ಅವರು ಎಂದೂ ನಿಲ್ಲಿಸಿದವರಲ್ಲ.

ನಾನು ಕಂಬಳಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತೆ. ಸಿಟ್ಟಿಗೋ ನಾಚಿಕೆಗೋ ಹೇಳಲಾರೆ. ಆಮೇಲೆ ಎದ್ದು ಮುಖ ತೊಳೆದೆ.

"ಏಳು ಮಂಜು, ಹೋಗಣ."

"ಎಲ್ಲಿಗೆ? ಜ್ವರ?"

"ಬಿಟ್ಟಿದೆ. ಏಳು."

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಲ್ಲ. ಚಿಂತಾಮಣಿಯಿಂದ ಬರಬೇಕಾದ ಬಸ್ಸು ಎಲ್ಲೋ ಕೆಟ್ಟು ನಿಂತಿದೆ ಎಂದರು. ಮುಂದಿನದು ಸಿಗುವ ಹೊತ್ತಿಗೆ ಮೂರು ದಾಟಿತ್ತು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಹಸಿರಾಗಿ ಓಡುತ್ತಿದ್ದವು. ಮಂಜುಳ ನನ್ನ ಹಣೆ ಎರಡು ಸಲ ಮುಟ್ಟಿ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮೆಟ್ಟಿಲು ಹತ್ತುವಾಗ ರಫೀಕಣ್ಣ ಇಳಿಯುತ್ತಿದ್ದರು, ತಲೆಗೆ ಟೋಪಿ ಹಾಕಿಕೊಂಡು. "ಈಗ ಬಂದ್ರಾ? ಅವ್ರು ಮೂರಕ್ಕೇ ಹೋದ್ರು." ನಮ್ಮ ಮುಖ ನೋಡಿ ಸ್ವಲ್ಪ ತಣ್ಣಗಾದರು. "ಸೋಮವಾರದೊಳಗೆ ಸಿ.ಡಿ. ಕಳಿಸಿದ್ರೆ ಕೇಳ್ತೀನಿ ಅಂದಿದ್ದಾರೆ. ನನಗೆ ನಮಾಜಿನ ಹೊತ್ತು. ಆರಕ್ಕೆ ಕರೆಂಟ್ ಹೋಗುತ್ತೆ. ಸುಜಾತ, ನೀನೇ ಕೂತು ಇವಳ್ದು ರೆಕಾರ್ಡ್ ಮಾಡು. ನಿಂಗೆ ಬರುತ್ತೆ."

ಅವಳು ಒಳಗೆ ಹೋಗಿ ಮೈಕಿನ ಮುಂದೆ ನಿಂತಳು. ನಾನು ರಫೀಕಣ್ಣನ ಕುರ್ಚಿಯಲ್ಲಿ ಕೂತೆ. ಮಹಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೈಕು ಸ್ವಲ್ಪ ದೂರವಿಟ್ಟರೆ ದನಿ ಟೊಳ್ಳಾಗುತ್ತದೆ, ಸದ್ದು ಏರಿಸಿಟ್ಟರೆ ಒಡೆಯುತ್ತದೆ, ಇದೆಲ್ಲ ನನಗೆ ಗೊತ್ತಿತ್ತು. ನನ್ನ ಬೆರಳು ಮೌಸಿನ ಮೇಲಿತ್ತು. ಗಾಜಿನಾಚೆ ಅವಳು ಎರಡೂ ಕೈಯಿಂದ ಹೆಡ್‌ಫೋನು ಹಿಡಿದುಕೊಂಡು, ಶುರು ಮಾಡಲಾ ಎಂದು ಹುಬ್ಬಿನಲ್ಲೇ ಕೇಳಿದಳು.

ನಾನು ಗುಂಡಿ ಒತ್ತಿ ಮಾತಾಡಿದೆ. "ಮಂಜು, ಹಳೇ ಥರಾನೇ ಹಾಡು."

"ತಪ್ಪಾಗುತ್ತಲ್ಲೇ?"

"ತಪ್ಪಿಲ್ಲ. ಯಾವತ್ತೂ ತಪ್ಪಿರ್ಲಿಲ್ಲ. ನಾನು ಬೇಕು ಅಂತಾನೇ ಹಂಗೆ ಹೇಳ್ದೆ." ಹೊರಟ ಮಾತು ನಿಲ್ಲಲಿಲ್ಲ. "ಇವತ್ತು ಜ್ವರಾನೂ ಇರ್ಲಿಲ್ಲ."

ಕಿವಿಯ ಹತ್ತಿರವೇ ನನ್ನ ದನಿ ಬಿದ್ದದ್ದರಿಂದ ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ಕೆಳಗೆ ಮೂಟೆ ಎತ್ತಿ ಹಾಕಿದ ಸದ್ದಾಯಿತು. ನನ್ನ ಹೆಡ್‌ಫೋನಿನಲ್ಲಿ ಅವಳ ಉಸಿರು, ಒಂದು, ಎರಡು, ಮೂರು.

"ಆನ್ ಮಾಡೇ," ಎಂದಳು.

ಅವಳು ಹಾಡಿದಳು. ಒಂದೇ ಸಲ. ನಿಲ್ಲದೆ ಹೋದ ಗಾಡಿ ಯಾರದು ಎಂದು ಈ ಸಲ ಅವಳು ಅಜ್ಜಿಯ ಪರವಾಗಿ ಕೇಳಲಿಲ್ಲ, ನನ್ನನ್ನು ನೇರವಾಗಿ ಕೇಳಿದಳು. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಆ ಸ್ವರಕ್ಕೆ ಜಾರಿ ಮೊದಲಿಗಿಂತ ಹೆಚ್ಚು ಹೊತ್ತು ನಿಂತಳು. ನಾನು ಹಸಿರು ಗೆರೆ ನೋಡುತ್ತಿದ್ದೆ. ಅಷ್ಟು ಹೊತ್ತಿನಲ್ಲೂ, ಅಷ್ಟೆಲ್ಲ ಆದ ಮೇಲೂ, ಹೊಟ್ಟೆಕಿಚ್ಚು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಬೆರಳು ಸದ್ದನ್ನು ಅವಳ ದನಿಗೆ ತಕ್ಕಷ್ಟೇ ಇಟ್ಟಿತು. ದನಿ ಎಲ್ಲೂ ಒಡೆಯಲಿಲ್ಲ. ಅಷ್ಟು ಚೆನ್ನಾಗಿ ನಾನು ಅದುವರೆಗೆ ಏನನ್ನೂ ರೆಕಾರ್ಡ್ ಮಾಡಿರಲಿಲ್ಲ.

ಹಾಡು ಮುಗಿದ ಮೇಲೆ ಅವಳು ಹೆಡ್‌ಫೋನನ್ನು ಮೊಳೆಗೆ ಸಿಕ್ಕಿಸಿ ಹೊರಗೆ ಬಂದಳು. "ನೀನು ಮಲಗಿದ್ದಾಗ ನಾನು ಬಸ್ಸಲ್ಲಿ ದೇವರಿಗೆ ಹರಕೆ ಹೊತ್ಕೊಂಡು ಬಂದೆ ಕಣೇ," ಎಂದಳು. "ಇನ್ಮೇಲೆ ನಿನ್ ಜೊತೆ ಬರಲ್ಲ." ಮೆಟ್ಟಿಲಿಳಿದು ಹೋದಳು.

ಸೋಮವಾರ ತರಗತಿಯಲ್ಲಿ ಅವಳು ಮೂರು ಸಾಲು ಮುಂದೆ ಕೂತಿದ್ದಳು.

ಬೆಂಗಳೂರಿನವರು ಹಾಡನ್ನು ಒಪ್ಪಿಕೊಂಡರು. ಒಂದಲ್ಲ, ಇಂಥವು ಇನ್ನೂ ಇದ್ದರೆ ಅವಳದೇ ಒಂದು ಸಿ.ಡಿ. ಮಾಡೋಣ ಎಂದರು. ರಫೀಕಣ್ಣ ನನಗೆ ಇದನ್ನು ಹೇಳುವಾಗ ನನ್ನ ಕಣ್ಣು ನೋಡದೆ ವೈರು ಸುತ್ತುತ್ತಿದ್ದರು. ಆದರೆ ಅವಳು ಬರುವುದು ಹೇಗೆ? ಗೇಟು ದಾಟಲು ಜೊತೆ ಬೇಕು, ನನ್ನ ಜೊತೆ ಅವಳು ಒಲ್ಲಳು. ಎರಡು ಶನಿವಾರ ನಾನು ಕಾಲೇಜಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ಕೋರಸ್ ಹಾಡಿ ಬಂದೆ. ಮೂರನೇ ಶನಿವಾರ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿತು. ಮೊದಲು ಒಂದು ಖಾಲಿ ಪುಟ್ಟಿ ಕಾಣಿಸಿತು, ಅದರ ಕೆಳಗೆ ಒಬ್ಬ ಅಜ್ಜಿ, ಅವರ ಹಿಂದೆ ಮಂಜುಳ.

"ಇದೇನಾ ನೀ ಪಾಟ ಹಿಡಿಯೋ ಜಾಗ?" ಎಂದರು ಅಜ್ಜಿ, ತೆಲುಗು ಕನ್ನಡ ಎರಡೂ ಬೆರೆಸಿ. ಪಾಟ ಎಂದರೆ ಅವರ ಬಾಯಲ್ಲಿ ಹಾಡು. ಮೂಗು ಮುರಿದರು. "ಮೊಟ್ಟೆ ಅಂಗಡಿ ಇದ್ದಂಗಿದೆ."

ಶನಿವಾರದ ಸೊಪ್ಪಿನ ವ್ಯಾಪಾರ ಬಿಟ್ಟು ತೊಂಡೇಬಾವಿಯಿಂದ ಬಸ್ಸು ಹತ್ತಿ ಮೊಮ್ಮಗಳ ಜೊತೆಗೆ ಕೂರಲು ಬಂದಿದ್ದರು ಅವರು. ಮಂಜುಳ ಕೂರುತ್ತಿದ್ದ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ನಮ್ಮಿಬ್ಬರ ನಡುವೆ ಆಗಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನ್ನನ್ನು "ಏಮ್ಮಾ" ಎಂದು ಕರೆದು ನೀರು ಕೇಳುತ್ತಿದ್ದರು.

ರಫೀಕಣ್ಣನಿಗೆ ಅದು ಮದುವೆಗಳ ಕಾಲ. ಅನೇಕ ಶನಿವಾರ ಕುರ್ಚಿಯಲ್ಲಿ ನಾನೇ ಕೂರಬೇಕಾಯಿತು. ಕಾರ್ತಿಕದಿಂದ ಶಿವರಾತ್ರಿಯವರೆಗೆ ಮಂಜುಳಳ ಐದು ಹಾಡು ಹಿಡಿದವಳು ನಾನು. ನಾವು ಮಾತಾಡುತ್ತಿದ್ದದ್ದು ಹೆಡ್‌ಫೋನಿನಲ್ಲಿ ಮಾತ್ರ.

"ಸ್ವಲ್ಪ ಹಿಂದೆ ನಿಲ್ಲು."

"ಸರಿ."

"ಎರಡನೇ ಸಾಲು ಇನ್ನೊಂದ್ಸಲ."

"ಆಯ್ತು."

ಅಷ್ಟೇ. ಆದರೆ ಅವಳ ಒಂದೊಂದು ಉಸಿರು ನನ್ನ ಕಿವಿಯೊಳಗೆ ಬೀಳುತ್ತಿತ್ತು. ಯಾವ ಅಕ್ಷರಕ್ಕೆ ಮುಂಚೆ ಎಂಜಲು ನುಂಗುತ್ತಾಳೆ, ಯಾವತ್ತು ಊಟ ಮಾಡಿಲ್ಲ, ಯಾವತ್ತು ನೆಗಡಿ, ಎಲ್ಲ ನನಗೆ ತಿಳಿಯುತ್ತಿತ್ತು. ಅವಳು ಹೊಸ ಹಾಡು ತಂದ ಪ್ರತಿ ದಿನ ನಾನು ಮನಸ್ಸಿನಲ್ಲಿ, ದೇವರೇ ಇದು ಸಾಮಾನ್ಯದ್ದಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಂದೂ ಸಾಮಾನ್ಯದ್ದಾಗಿರುತ್ತಿರಲಿಲ್ಲ. ಹಾಗೆ ಬೇಡಿಕೊಳ್ಳುತ್ತಲೇ ಮೈಕನ್ನು ಅವಳ ದನಿಗೆ ತಕ್ಕಂತೆ ಒಂದಂಗುಲ ಓರೆ ಮಾಡಿ ನಿಲ್ಲಿಸುತ್ತಿದ್ದೆ. ಎರಡೂ ನಿಜವೇ.

ಯುಗಾದಿಗೆ ಮುಂಚೆ ಅವಳ ಸಿ.ಡಿ. ಬಂತು. ಕೈವಾರಕ್ಕೆ ಹೋಗುವ ಬಸ್ಸಿನಲ್ಲಿ ಮೊದಲ ಸಲ ಅದನ್ನು ಕೇಳಿದೆ. ಡ್ರೈವರ್ ಹಾಕಿದ್ದ. ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದೆ ಕೂತ ಹೆಂಗಸೊಬ್ಬಳು ಮಗುವಿಗೆ ತಟ್ಟುತ್ತ ಅದರ ಜೊತೆಗೇ ಗುನುಗತೊಡಗಿದಳು. ನಾನು ಕೈವಾರ ಬರುವ ಮುಂಚೆ ಒಂದು ಸ್ಟಾಪಿನಲ್ಲಿ ಇಳಿದು ಉಳಿದ ದಾರಿ ನಡೆದು ಹೋದೆ.

ಕೊನೆಯ ಶನಿವಾರ ಬಂತು. ಮರುವಾರ ಪರೀಕ್ಷೆ. ಮಂಜುಳ, ಅಜ್ಜಿ ಇಬ್ಬರೂ ರಫೀಕಣ್ಣನಿಗೆ ಹೇಳಿ ಹೋಗಲು ಬಂದಿದ್ದರು. ಆತ ಕೆಳಗೆ ಟೀ ಹೇಳಲು ಹೋದರು. ನಾನು ಮೂಲೆಯಲ್ಲಿ ನನ್ನ ನೋಟ್‌ಬುಕ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

"ನೀನು ಹೊಸದೇನೂ ಬರ್ದಿಲ್ವಾ?" ಎಂದು ಮಂಜುಳ ಕೇಳಿದಳು. ಐದು ತಿಂಗಳ ಮೇಲೆ, ಹೆಡ್‌ಫೋನಿಲ್ಲದೆ.

ಬರೆದಿದ್ದೆ. ನಮ್ಮ ಬೀದಿಯ ಮೇಲೆ. ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ಹಿಡಿಯುವ ಹೆಂಗಸರ ಮೇಲೆ. ಯಾರಿಗೂ ಹಾಡಿ ತೋರಿಸಿರಲಿಲ್ಲ.

"ಹೋಗು ಒಳಗೆ. ನಾನು ಕೂತ್ಕೊತೀನಿ," ಎಂದಳು.

ಹಾಡಿದೆ. ಆವತ್ತು ಏನಾಯಿತೋ ತಿಳಿಯದು. ತಾಳ, ರಾಗ, ಟೀಚರು, ಬಹುಮಾನದ ಡಬ್ಬಿಗಳು ಯಾವುದೂ ಕೋಣೆಯೊಳಗೆ ಬರಲಿಲ್ಲ. ಒಂದು ಕಡೆ ದನಿ ಒಡೆಯಿತು, ಹಾಗೇ ಬಿಟ್ಟೆ. ಮುಗಿಸಿ ಕಣ್ಣು ತೆರೆದಾಗ ಗಾಜಿನಾಚೆ ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ಮಂಜುಳ ಸುಮ್ಮನೆ ಕೂತಿದ್ದಳು. ರಫೀಕಣ್ಣ ಅವಳ ಹಾಡಿಗೆ ಕೂರುತ್ತಿದ್ದರಲ್ಲ, ಹಾಗೆ.

"ಬಾಗುಂದಿ ತಲ್ಲಿ," ಎಂದರು ಅಜ್ಜಿ. ಚೆನ್ನಾಗಿದೆ ತಾಯಿ ಎಂದು.

ನಾನು ಓಡಿಬಂದು ಪರದೆ ನೋಡಿದೆ. ಹಸಿರು ಗೆರೆ ಇರಲಿಲ್ಲ. ಬರೀ ಕಪ್ಪು.

"ರೆಕಾರ್ಡಿನ ಕೆಂಪು ಗುಂಡಿ ಒತ್ಲಿಲ್ವಾ?"

ಮಂಜುಳಳ ಮುಖ ಬಿಳಿಚಿಕೊಂಡಿತು. "ಅದು ತಾನಾಗೇ ಆಗುತ್ತೆ ಅಂದ್ಕೊಂಡೆ ಕಣೇ. ನಾನ್ಯಾವತ್ತೂ ಈ ಕಡೆ ಕೂತಿರ್ಲಿಲ್ವಲ್ಲ."

ನಾನು ಅವಳನ್ನೇ ನೋಡಿದೆ. ಕೇಳಬಾರದಿತ್ತು, ಕೇಳಿಬಿಟ್ಟೆ. "ಬೇಕು ಅಂತಾನೇ ಮಾಡಿದ್ಯಾ?"

ಆ ಮಾತು ಅವಳಿಗೆ ತಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳ ಕಣ್ಣು ತುಂಬಿತು. "ಇಲ್ಲ ಸುಜಿ. ಅಮ್ಮನಾಣೆ ಇಲ್ಲ. ನಾನು ಹಾಡು ಕೇಳ್ತಾ ಕೂತ್ಬಿಟ್ಟೆ."

ಅದು ನಿಜ ಎಂದು ನನಗೆ ತಿಳಿಯಿತು. ಅವಳು ಹೌದು ಎಂದಿದ್ದರೆ ಎಷ್ಟು ಹಗುರವಾಗುತ್ತಿತ್ತು. ನನ್ನ ಕೆಟ್ಟತನಕ್ಕೆ ಒಂದು ಜೊತೆ ಸಿಗುತ್ತಿತ್ತು. ಅವಳಿಗೆ ನನ್ನ ಮೇಲೆ ಸಿಟ್ಟಿತ್ತು, ನೋವಿತ್ತು, ಆದರೆ ಹೊಟ್ಟೆಕಿಚ್ಚು ಎನ್ನುವುದು ಅವಳಲ್ಲಿ ಇರಲೇ ಇಲ್ಲ. ಹಾಡಿಗಿಂತ ಹೆಚ್ಚಾಗಿ ನನಗೆ ಅವಳ ಆ ಗುಣದ ಮೇಲೆ ಹೊಟ್ಟೆಕಿಚ್ಚಾಯಿತು.

"ಇನ್ನೊಂದ್ಸಲ ಹಾಡು," ಎಂದು ಅವಳು ಕಣ್ಣೊರೆಸಿಕೊಂಡು ಕೆಂಪು ಗುಂಡಿ ಎಲ್ಲಿ ಎಂದು ಹುಡುಕತೊಡಗಿದಳು. ನಾನು ಅವಳ ಬೆರಳು ಹಿಡಿದು ತೋರಿಸಿದೆ. ಒಳಗೆ ಹೋಗಿ ಮತ್ತೆ ಹಾಡಿದೆ. ಗಾಜಿನಾಚೆ ಅಜ್ಜಿ ಎಲೆಅಡಿಕೆ ಅಗಿಯುತ್ತಲೇ ಇದ್ದರು. ಈ ಸಲ ಎಲ್ಲ ಸ್ವರವೂ ಜಾಗದಲ್ಲಿತ್ತು.